ಬೇಕಿಲ್ಲದ ಅನುಮತಿಗೆ ಭಾವನವರ ಅರ್ಜಿ

ಅನುಮತಿ ಸಿಗಲಿಲ್ಲ ಅಂತ ಹಾಸಿಗೆ ಹಿಡಿದವರು ಜಗತ್ತಿನಲ್ಲಿ ಬೇಕಾದಷ್ಟು ಮಂದಿ ಇದ್ದಾರು. ಅನುಮತಿ ಬೇಕಾಗಿಯೇ ಇಲ್ಲ ಅಂತ ಗೊತ್ತಾಗಿ ಜ್ವರ ಬಂದು ಮಲಗಿದವರು ನಾನು ಕಂಡಂತೆ ಒಬ್ಬರೇ. ನಮ್ಮ ಭಾವ! ಅದೂ ಅಂತಿಂಥ ಜ್ವರವಲ್ಲ, ನೂರೆರಡು ಡಿಗ್ರಿ. ಅಕ್ಕ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದರೆ ಇವರು ಕಣ್ಣು ಮುಚ್ಚಿಕೊಂಡೇ "ಲಿಖಿತವಾಗಿ ಕೊಡಿ... ಲಿಖಿತವಾಗಿ ಕೊಡಿ..." ಅಂತ ಕನವರಿಸುತ್ತಿದ್ದರು. ಜ್ವರ ಬಂದಾಗ ಅಮ್ಮಾ ಅಪ್ಪಾ ಅನ್ನುವವರನ್ನು ನೋಡಿದ್ದೇನೆ, ದೇವರನ್ನು ಕರೆಯುವವರನ್ನು ನೋಡಿದ್ದೇನೆ. ಇದನ್ನು ನೋಡಿರಲಿಲ್ಲ.

ಭಾವ ಅಂದರೆ ನಮ್ಮಕ್ಕನ ಯಜಮಾನರು. ತುಮಕೂರು ಕಡೆಯವರು. ಅಹಮದಾಬಾದಿನಲ್ಲಿ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಸಂಶೋಧನೆ ಅಂದ ಕೂಡಲೇ ವಿಜ್ಞಾನಿ ಅಂದುಕೊಂಡು ಕೈಮುಗಿಯಬೇಡಿ. ವಿಜ್ಞಾನಿಗಳು ತರಿಸಿದ ಗಾಜಿನ ಕೊಳವೆಗೆ ಮೂರು ಕೊಟೇಶನ್ ಯಾಕಿಲ್ಲ ಅಂತ ಕೇಳುವ ಆಡಿಟ್ ವಿಭಾಗದವರು. ಹದಿನೆಂಟು ವರ್ಷದಿಂದ ವಸ್ತ್ರಾಪುರದ ಕೆರೆ ಹತ್ತಿರ ವಾಸ. ಗುಜರಾತಿ ಮಾತ್ರ 'ಕೇಮ್ ಛೋ'ದಿಂದ ಮುಂದಕ್ಕೆ ಹೋಗಿಲ್ಲ. ಹೇಗೆ ಹೋಗುತ್ತೆ ಹೇಳಿ? 'ಹೇಗಿದ್ದೀರಿ' ಅಂತ ಇವರೇ ಕೇಳಿ, ಎದುರಿನವರು 'ಮಜಾಮಾ', ಚೆನ್ನಾಗಿದ್ದೀನಿ, ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅದನ್ನೂ ಇವರೇ ಹೇಳಿ ಮುಗಿಸಿರುತ್ತಾರೆ!

ಇದೇ ಇವರ ದೊಡ್ಡ ಕಾಯಿಲೆ. ಯಾರ ವಾಕ್ಯವನ್ನೂ ಮುಗಿಯಲು ಬಿಡುವುದಿಲ್ಲ. ಅಕ್ಕನ ಮದುವೆಯಲ್ಲಿ ಪುರೋಹಿತರು "ಮಾಂಗಲ್ಯಂ ತಂತು..." ಅಂತ ಉಸಿರು ಎಳೆದುಕೊಂಡರೆ ಮದುಮಗ "ನಾನೇನ, ಗೊತ್ತು, ಮುಂದಿಂದು ಹೇಳಿ" ಅಂದಿದ್ದರು. ಯಾರೋ ಹೇಳಿದ ಕಥೆಯಲ್ಲ, ಕಳಶಗಿತ್ತಿಯಾಗಿ ಪಕ್ಕದಲ್ಲಿ ನಿಂತಿದ್ದವಳು ನಾನೇ. ಕಳಶ ಬಿದ್ದುಹೋಗದಿದ್ದದ್ದು ನನ್ನ ಪುಣ್ಯ.

ನಮ್ಮವರು ಬ್ಯಾಂಕಿನವರು. ಈಗ ನಾವು ಇದೇ ಊರಿನ ನವರಂಗಪುರದಲ್ಲಿದ್ದೇವೆ, ಮೊದಲು ವಡೋದರಾದಲ್ಲಿದ್ದೆವು. ಅಲ್ಲಿದ್ದಾಗ ನಮ್ಮವರಿಗೆ ಇದ್ದಕ್ಕಿದ್ದಂತೆ ಅಪೆಂಡಿಕ್ಸ್ ನೋವು ಬಂತು. ಆಸ್ಪತ್ರೆಗೆ ಸೇರಿಸಿ, ಗಾಬರಿಯಲ್ಲಿ ಭಾವನವರಿಗೆ ಫೋನ್ ಮಾಡಿದೆ.

"ಭಾವ, ಇವರಿಗೆ..."

"ಪ್ರಮೋಷನ್ ಆಯ್ತಾ? ಗೊತ್ತಿತ್ತು ಕಣಮ್ಮ, ಆಗಲೇಬೇಕಿತ್ತು!"

ಫೋನ್ ಕಟ್. ಇಲ್ಲಿ ನಮ್ಮವರನ್ನು ಸ್ಟ್ರೆಚರ್ ಮೇಲೆ ಒಳಗೆ ತಳ್ಳುತ್ತಿದ್ದರೆ ಅಲ್ಲಿ ಭಾವ ಆಫೀಸಿಗೆಲ್ಲ ಪೇಡ ಹಂಚುತ್ತಿದ್ದರು. ಮಾರನೇ ದಿನ ನಿಜ ಗೊತ್ತಾಗಿ ಮೊದಲ ರೈಲಿಗೆ ಓಡಿ ಬಂದರು, ಪಾಪ. ಬಂದವರು ಉಳಿದ ಪೇಡದ ಡಬ್ಬವನ್ನು ರೋಗಿಯ ತಲೆದಿಂಬಿನ ಪಕ್ಕ ಇಟ್ಟು, "ಹಂಚಿದ್ದನ್ನ ವಾಪಸ್ ಕೇಳೋಕಾಗಲ್ಲಪ್ಪ. ಆದಷ್ಟು ಬೇಗ ಪ್ರಮೋಷನ್ ತಗೊಂಡುಬಿಡು" ಅಂದರು.

ಇಂಥವರ ಮಗಳಿಗೆ ದೇವರು ಎಂಥ ಮಾತು ಕೊಡಬೇಕಿತ್ತು? ಅರಳು ಹುರಿದ ಹಾಗೆ ಪಟಪಟ ಮಾತು ಕೊಡಬೇಕಿತ್ತಲ್ಲವೇ? ಕೊಟ್ಟದ್ದು ಉಗ್ಗು. ನಿಧಿಗೆ ಒಂಬತ್ತು ವರ್ಷ. ಮನೆಯಲ್ಲಿ ಅರೆಬರೆ ಕನ್ನಡ, ಸೊಸೈಟಿ ಮಕ್ಕಳ ಜೊತೆ ಗುಜರಾತಿ, ಟಿವಿ ಮುಂದೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ನಾಲ್ಕರಲ್ಲೂ ಯಾವ ಪಕ್ಷಪಾತವೂ ಇಲ್ಲದೆ ಮೊದಲ ಅಕ್ಷರಕ್ಕೇ ಗಾಡಿ ನಿಲ್ಲುತ್ತದೆ. ನಾವೆಲ್ಲ ಬಹಳ ಪ್ರೀತಿಯ ಜನ ನೋಡಿ, ಮಗು "ನೀ... ನೀ..." ಅಂದ ಕೂಡಲೇ "ನೀರಾ ಪುಟ್ಟಾ?" ಅಂತ ಲೋಟ ತಂದು ಕೈಗಿಡುತ್ತಿದ್ದೆವು. ಅದು ನೀಲಿ ಫ್ರಾಕು ಕೇಳುತ್ತಿತ್ತೋ ಏನೋ. ಸುಮ್ಮನೆ ನೀರು ಕುಡಿಯುತ್ತಿತ್ತು.

ನಾನೂ ನನ್ನ ಕೈಲಾದ ವೈದ್ಯ ಮಾಡಿದೆ. ಊರಿಂದ ಬಜೆ ಬೇರು ತರಿಸಿ, ಜೇನಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಹಚ್ಚಿದೆ. ಮಗು ಮುಖ ಕಿವುಚಿತು. ಭಾವ ಕನ್ನಡಕ ಏರಿಸಿ "ಇದಕ್ಕೆ ರೆಫರೆನ್ಸ್ ಏನು?" ಅಂದರು. ನಮ್ಮಜ್ಜಿ ಅಂದೆ. "ಅವರು ಲಿಖಿತವಾಗಿ..." ಅಂತ ಶುರುಮಾಡಿದರು. ಅಜ್ಜಿ ಹೋಗಿ ಹದಿನೈದು ವರ್ಷವಾಗಿತ್ತು, ಬಚಾವಾದಳು!

ಕಳೆದ ವರ್ಷ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಸುಭಾಷಿತ ಹೇಳುವ ಸರದಿ ನಿಧಿಯದು ಬಂತು. ಮನೆಯಲ್ಲಿ ಒಂದು ವಾರ ಕಲಿತಿತ್ತು. ಅಲ್ಲಿ ಮೈಕಿನ ಮುಂದೆ ನಿಂತದ್ದೇ ಮೊದಲ ಅಕ್ಷರ ಸಿಕ್ಕಿಹಾಕಿಕೊಂಡಿತು. ಸಿಕ್ಕಿಕೊಂಡದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳಿತು. ಮಕ್ಕಳು ನಕ್ಕರು. ಟೀಚರಮ್ಮ ಕೆಟ್ಟವರಲ್ಲ. ಮಗುವಿನ ಹೆಗಲ ಮೇಲೆ ಕೈಯಿಟ್ಟು ಉಳಿದದ್ದನ್ನು ತಾವೇ ಹೇಳಿ ಮುಗಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಆದಮೇಲೆ ನಿಧಿ ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ದಿನಾ ಬೆಳಗ್ಗೆ ವ್ಯಾನಿನ ಹಾರ್ನ್ ಕೇಳಿದರೆ ವಾಂತಿ. ಹೊಟ್ಟೆ ಡಾಕ್ಟರು ಹೊಟ್ಟೆ ಚೆನ್ನಾಗಿದೆ ಅಂದರು. ಮಾತಿನ ಚಿಕಿತ್ಸೆ ಮಾಡುವ ಹೆಂಗಸೊಬ್ಬರು, "ಅಭ್ಯಾಸ ನಾನು ಮಾಡಿಸ್ತೀನಿ. ನೀವು ಒಂದೇ ಒಂದು ಮಾಡಿ. ಅವಳ ಮಾತನ್ನ ಅವಳೇ ಮುಗಿಸಲಿ, ಕಾಯಿರಿ" ಅಂದರು. ಇಷ್ಟು ಹೇಳೋದಕ್ಕೆ ಅಷ್ಟು ಓದಬೇಕಿತ್ತಾ ಅಂತ ನಾನು ಅಕ್ಕನ ಕಿವಿಯಲ್ಲಿ ಹೇಳಿದ್ದು ನೆನಪಿದೆ.

ಜೂನ್ ತಿಂಗಳಲ್ಲಿ ಶಾಲೆ ಮತ್ತೆ ಶುರುವಾದ ದಿನ. ವ್ಯಾನು ಹಾರ್ನ್ ಹಾಕಿತು, ಮಗು ಬಾಗಿಲಲ್ಲೇ ವಾಂತಿ ಮಾಡಿಕೊಂಡಿತು. ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದ ಭಾವ ಇನ್ನೊಂದು ಬರಿಗಾಲಲ್ಲೇ ಕೆಳಗೆ ಹೋಗಿ, "ಕಲ್ ಸೇ ಮತ್ ಆನಾ", ನಾಳೆಯಿಂದ ಬರಬೇಡ, ಅಂತ ವ್ಯಾನಿನವನಿಗೆ ಹೇಳಿ ಬಂದರು. ಯಾವ ಆದೇಶವೂ ಇಲ್ಲದೆ, ಮೇಲಿನವರ ಸಹಿ ಇಲ್ಲದೆ ಭಾವ ತಮ್ಮ ಜೀವಮಾನದಲ್ಲಿ ಕೈಗೊಂಡ ಒಂದೇ ನಿರ್ಧಾರ ಅದು. ಕೈಗೊಂಡದ್ದೇ ತಡ, ನಡುಕ ಶುರುವಾಯಿತು.

ಅಕ್ಕ ನಡುಗುವ ಪೈಕಿಯಲ್ಲ. ಒಲೆ ಆರಿಸಿ ಬಂದು ಕೂತಳು. "ನೋಡಿ, ನಮ್ಮಮ್ಮನ್ನ ನಾಲ್ಕನೇ ಕ್ಲಾಸಿಗೇ ಬಿಡಿಸಿದ್ರು. ಸಾಯೋವರೆಗೂ ಅದನ್ನೇ ಹೇಳ್ಕೊಂಡು ಅತ್ತಳು. ನನ್ನ ಮಗಳನ್ನೂ ಶಾಲೆ ಬಿಡಿಸಿದ್ರು ಅಂತ ಆಗಕೂಡದು. ಮನೇಲಿ ಕಲಿಸ್ತೀರಾ, ಕಲಿಸಿ. ಅದು ಸರಿ, ಕಾನೂನು ಪ್ರಕಾರ ತಪ್ಪಲ್ಲ ಅಂತ ಒಂದು ಕಾಗದ ತನ್ನಿ. ದೀಪಾವಳಿ ರಜೆ ಮುಗಿಯೋದರೊಳಗೆ. ತರಲಿಲ್ಲ ಅಂದ್ರೆ ರಜೆ ಮುಗಿದ ಬೆಳಗ್ಗೆ ಅವಳನ್ನ ವ್ಯಾನ್ ಹತ್ತಿಸೋಳು ನಾನೇ." ಶಾಲೆಯ ಪ್ರಿನ್ಸಿಪಾಲರೂ ಅಲ್ಲಿಯವರೆಗೆ ಹೆಸರು ಹೊಡೆದುಹಾಕುವುದಿಲ್ಲ ಅಂತ ಒಪ್ಪಿದರು.

ಕಾಗದ ತರುವುದು! ನಮ್ಮ ಭಾವನವರಿಗೆ! ಮೀನಿಗೆ ಈಜು ಅಂದ ಹಾಗಾಯಿತು ಅಂತ ನಾವೆಲ್ಲ ನಕ್ಕೆವು.

ಮೊದಲು ಭಾವ ರಜೆ ಹಾಕಿದರು. ಹದಿನೆಂಟು ವರ್ಷದಲ್ಲಿ ಸ್ವಂತ ತಂಗಿಯ ಮದುವೆಗೂ ಅರ್ಧ ದಿನ ರಜೆ ಹಾಕಿದವರು ಈಗ ಒಂದೇ ಏಟಿಗೆ ಆರು ತಿಂಗಳ ಗಳಿಕೆ ರಜೆ ಬರೆದುಕೊಟ್ಟರು. ವಿಜ್ಞಾನಿಗಳು ಆವತ್ತು ಕ್ಯಾಂಟೀನಿನಲ್ಲಿ ಜಲೇಬಿ ತಿಂದರಂತೆ.

ಆಮೇಲೆ ಮನೆಶಾಲೆ ಶುರುವಾಯಿತು. ಶಾಲೆಯೇ ಅದು? ಊಟದ ಮೇಜಿನ ಮೇಲೆ ಹಸಿರು ಬಟ್ಟೆ, ಮೇಲೆ ಗಾಜು, ಗಾಜಿನ ಮೇಲೆ ಪೇಪರ್‌ವೇಟು. ಗೋಡೆ ಮೇಲೆ ಭಾವನವರ ದುಂಡು ಅಕ್ಷರದಲ್ಲಿ ಕಚೇರಿ ಆದೇಶಗಳು. ಹತ್ತು ಗಂಟೆಗೆ ಸರಿಯಾಗಿ ಹಾಜರಿ ಪುಸ್ತಕದಲ್ಲಿ ನಿಧಿ ಸಹಿ ಮಾಡಬೇಕು. ಹತ್ತೂವರೆ ಆದರೆ ಅರ್ಧ ದಿನ ರಜೆ ಕಟ್. ಒಂದು ದಿನ ಮಗು ಬರೆದಿದ್ದ ರಜೆ ಅರ್ಜಿಯನ್ನು ನಾನೇ ನೋಡಿದೆ. ಕಾರಣ ಅನ್ನುವಲ್ಲಿ 'ಮಾವಿನಹಣ್ಣು' ಅಂತಿತ್ತು. 'ಮಂಜೂರು' ಅಂತ ಕೆಂಪು ಶಾಯಿ ಬಿದ್ದಿತ್ತು. 'ಹಂಚಿಕೊಂಡು ತಿನ್ನತಕ್ಕದ್ದು' ಅಂತ ಷರತ್ತೂ ಬಿದ್ದಿತ್ತು.

ಅಡುಗೆಮನೆಗೆ ಕ್ಯಾಂಟೀನ್ ಅಂತ ಹೆಸರಾಯಿತು. ಮೂರನೇ ದಿನವೇ ಸಾರಿಗೆ ಉಪ್ಪು ಕಡಿಮೆ ಅಂತ ಭಾವ ಲಿಖಿತ ದೂರು ಕೊಟ್ಟರು. ಅಕ್ಕನೂ ಏನು ಕಡಿಮೆಯೇ? ಅದೇ ಕಾಗದದ ಹಿಂದೆ 'ದೂರು ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಕ್ಯಾಂಟೀನ್ ಮುಚ್ಚಿದೆ' ಅಂತ ಬರೆದು ನಮ್ಮ ಮನೆಗೆ ಬಂದುಬಿಟ್ಟಳು. ಎರಡು ದಿನ ಅಪ್ಪ ಮಗಳು ಮೂರು ಹೊತ್ತೂ ಹಪ್ಪಳದಂಥ ಒಣ ರೊಟ್ಟಿ ಖಾಖ್ರಾ ಕಡಿದರು. ಆಮೇಲೆ ದೂರು ತಾನಾಗೇ ವಾಪಸ್ಸಾಯಿತು.

ಗೋಡೆಯ ಮೇಲಿನ ಆದೇಶಗಳಲ್ಲಿ ಒಂದನೇ ನಂಬರಿನದ್ದನ್ನು ಓದಿದಾಗ ಮಾತ್ರ ನನಗೆ ನಗು ತಡೆಯಲಾಗಲಿಲ್ಲ. 'ಶಾಲಾ ಸಮಯದಲ್ಲಿ ಯಾರೂ ಇನ್ನೊಬ್ಬರ ವಾಕ್ಯವನ್ನು ಪೂರ್ಣಗೊಳಿಸತಕ್ಕದ್ದಲ್ಲ.' ಕೆಳಗೆ ಸಹಿ ಯಾರದು? ಪುರೋಹಿತರ ಮಂತ್ರ ಮುಗಿಸಿದವರದು!

"ಏನು ಭಾವ, ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಅಂತಾರಲ್ಲ..."

"ಇದು ಆ ಜಾತಿಯದಲ್ಲ" ಅಂತ ಅರ್ಧಕ್ಕೇ ಕತ್ತರಿಸಿದರು. ನೋಡಿದಿರಾ? ಹಾಜರಿ ಪುಸ್ತಕದ ಕೊನೆಯ ಕಾಲಂ, 'ಷರಾ' ಅಂತ ಇರುತ್ತಲ್ಲ, ಅದರ ಮೇಲೆ ಕೈ ಅಡ್ಡ ಇಟ್ಟುಕೊಂಡು ಏನೋ ಬರೆಯುತ್ತಿದ್ದರು. ಇಣುಕಿದ್ದಕ್ಕೆ "ಗೋಪ್ಯ" ಅಂದರು. ಒಂಬತ್ತು ವರ್ಷದ ಹುಡುಗಿಯ ಹಾಜರಿಯಲ್ಲಿ ಎಂಥ ಗೋಪ್ಯ ಸ್ವಾಮಿ! ದೇಶದ ಭದ್ರತೆಯೇ?

ಇನ್ನು ಕಾಗದದ ವಿಷಯ. ಶಿಕ್ಷಣ ಹಕ್ಕಿನ ಕಾಯ್ದೆಯನ್ನು ಭಾವ ಪ್ರಿಂಟ್ ಹಾಕಿಸಿ, ನಾವು ಪಂಚಾಂಗ ಓದುವ ಹಾಗೆ ಓದಿದರು. ಅದರಲ್ಲಿ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ ಒಂದು ಕಲಂ ಸಿಕ್ಕಿತು. ಸೇರಿಸದಿದ್ದರೆ ಏನು ಮಾಡಬೇಕು ಅಂತ ಹುಡುಕಿದರು. ದಂಡವೂ ಇಲ್ಲ, ಶಿಕ್ಷೆಯೂ ಇಲ್ಲ. ಮನೆಯಲ್ಲಿ ಕಲಿಸಬಾರದು ಅಂತಲೂ ಇಲ್ಲ, ಕಲಿಸಬಹುದು ಅಂತಲೂ ಇಲ್ಲ. ಹದಿನಾಲ್ಕು ತುಂಬಿದ ಮೇಲೆ ಮುಕ್ತ ಶಾಲೆಯ ಮೂಲಕ ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯಬಹುದು ಅಂತ ವಿಚಾರಿಸಿ ತಿಳಿದುಕೊಂಡರು, ಅದೊಂದು ಸಮಾಧಾನ. ಆದರೆ ಅಲ್ಲಿಯವರೆಗಿನ ಐದು ವರ್ಷ? ಕಾನೂನಿನಲ್ಲಿ ಖಾಲಿ ಜಾಗ. ಖಾಲಿ ಜಾಗ ಕಂಡರೆ ಅಡ್ಡಗೆರೆ ಎಳೆದು ಸಹಿ ಹಾಕುವ ಮನುಷ್ಯ ಇವರು. ನಿದ್ದೆ ಎಲ್ಲಿಂದ ಬರಬೇಕು?

"ನಡಿಯಮ್ಮ, ಶಿಕ್ಷಣ ಇಲಾಖೆ ಕಚೇರಿಗೆ" ಅಂದರು ಒಂದು ಮಂಗಳವಾರ. ನನ್ನನ್ನೇ ಯಾಕೆ? ವಡೋದರಾದ ತರಕಾರಿ ಮಾರ್ಕೆಟ್ಟಿನಲ್ಲಿ ಜಗಳವಾಡಿ ಜಗಳವಾಡಿ ನನಗೆ ಗುಜರಾತಿ ಚೆನ್ನಾಗಿ ಬರುತ್ತದೆ ಅಂತ. ಸರಿ, ದುಭಾಷಿಯಾಗಿ ಹೋದೆ. ಕಚೇರಿಯ ಗುಮಾಸ್ತ ವಯಸ್ಸಾದವರು, ಸೌಮ್ಯ ಮನುಷ್ಯ. ಎಲ್ಲ ಕೇಳಿ, ಮುಗುಳ್ನಕ್ಕು, "ಇದಕ್ಕೆ ಅನುಮತಿ ಬೇಕಿಲ್ಲ ಬೆನ್" ಅಂದರು. ನಾನು ಖುಷಿಯಿಂದ ಎದ್ದೆ. ಭಾವ ಏಳಲಿಲ್ಲ.

"ಬೇಕಿಲ್ಲ ಅಂತ ಬರೆದುಕೊಡೋಕೆ ಹೇಳು."

ಹೇಳಿದೆ. ಗುಮಾಸ್ತರು, "ಬೇಕಿಲ್ಲದ್ದನ್ನ ಹೇಗೆ ಬರೆದುಕೊಡೋದು? ಅದಕ್ಕೆ ನಮೂನೆ ಇಲ್ಲ" ಅಂದರು.

"ನಮೂನೆ ನಾನೇ ತಯಾರು ಮಾಡ್ತೀನಿ ಅನ್ನು."

"ಮಾಡಿದ್ರೂ ಸಹಿ ಮಾಡೋ ಅಧಿಕಾರ ಯಾರಿಗೂ ಇಲ್ಲ."

"ಅಧಿಕಾರ ಇಲ್ಲ ಅಂತ ಬರೆದುಕೊಡಲಿ!"

ಗುಮಾಸ್ತರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಆಟೋದಲ್ಲಿ ವಾಪಸ್ ಬರುವಾಗಲೇ ಭಾವನವರ ಮೈ ಬೆಚ್ಚಗಾಗಿತ್ತು. ಆ ಸಂಜೆಯೇ ಮೊದಲು ಹೇಳಿದೆನಲ್ಲ, ಆ ನೂರೆರಡು ಡಿಗ್ರಿ ಜ್ವರ.

ಜ್ವರ ಇಳಿದ ಮೇಲೆ ಸೂರತ್ತಿಗೆ ಹೊರಟೆವು. ಅಲ್ಲಿ ಯಾರೋ ಸೀರೆ ವ್ಯಾಪಾರಿ ತನ್ನ ಮೂರು ಮಕ್ಕಳಿಗೂ ಮನೆಯಲ್ಲೇ ಕಲಿಸುತ್ತಾನಂತೆ, ಅವನ ಹತ್ತಿರ ಕಾಗದ ಇದ್ದೇ ಇರುತ್ತದೆ, ಅದರ ನಕಲು ತಂದರಾಯಿತು ಅಂತ ಭಾವನವರ ಲೆಕ್ಕ. ಭಾವ, ನಿಧಿ, ನಾನು, ಜೊತೆಗೆ ನಾಲ್ಕು ಫೈಲು. ಆ ಮನೆ ನೋಡಬೇಕಿತ್ತು! ಒಂದು ಹುಡುಗ ನೆಲದ ಮೇಲೆ ಗಡಿಯಾರ ಬಿಚ್ಚಿ ಕೂತಿದ್ದ, ಇನ್ನೊಬ್ಬಳು ಸೀರೆಯ ಜರಿ ಎಣಿಸುತ್ತಿದ್ದಳು, ಮೂರನೆಯದು ಎಲ್ಲಿತ್ತೋ ಅಪ್ಪನಿಗೂ ಗೊತ್ತಿರಲಿಲ್ಲ. ವ್ಯಾಪಾರಿ ಬಿಸಿಬಿಸಿ ಲೋಚೋ ತರಿಸಿ ತಟ್ಟೆ ತಟ್ಟೆ ಬಡಿಸಿದ. ಕಡಲೆಬೇಳೆ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಮೇಲೆ ಎಣ್ಣೆ, ಸೇವು ಸುರಿದ ಆ ಊರಿನ ತಿಂಡಿ. ಭಾವ ತಟ್ಟೆ ಮುಟ್ಟಲಿಲ್ಲ. "ಮೊದಲು ಆರ್ಡರ್ ಕಾಪಿ ದಿಖಾಯಿಯೇ" ಅಂದರು.

"ಯಾವ ಆರ್ಡರು ಸಾಹೇಬ್?"

"ಮಕ್ಕಳನ್ನ ಶಾಲೆ ಬಿಡಿಸೋಕೆ ಯಾರ ಅನುಮತಿ ತಗೊಂಡ್ರಿ?"

ವ್ಯಾಪಾರಿ ಚಮಚ ಕೆಳಗಿಟ್ಟ. ಬಹಳ ಕಾಳಜಿಯಿಂದ, ಯಾರೋ ಇವರಿಗೆ ಅನ್ಯಾಯ ಮಾಡಿದ್ದಾರೆ ಅನ್ನುವ ಹಾಗೆ ಕೇಳಿದ. "ತಮನೇ ಕೋಣೇ ನಾ ಪಾಡೀ?" ನಿಮಗೆ ಬೇಡ ಅಂದವರು ಯಾರು?

ನಾನು ಕನ್ನಡದಲ್ಲಿ ಹೇಳಿದೆ. ಭಾವ ಹತಾಶರಾಗಿ ಕೈ ಎತ್ತಿದರು. "ಯಾರಾದರೂ ಬೇಡ ಅಂದಿದ್ರೆ ಅಪೀಲು ಹೋಗಬಹುದಿತ್ತಲ್ಲಮ್ಮ!"

ಆ ಮನುಷ್ಯನಿಗೆ ಇದನ್ನು ಅನುವಾದಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಬೇಡ ಅನ್ನುವವರಿಲ್ಲದಿದ್ದರೆ ಅಂಗಡಿ ತೆರೆಯುವ ಜನ ಅವರು. ಆಗಲಿ ಅನ್ನುವವರು ಸಿಗುವವರೆಗೆ ಕೊಡೆ ಬಿಚ್ಚದ ಜನ ನಾವು. ವಾಪಸ್ ಬರುವಾಗ ರೈಲಿನಲ್ಲಿ ನಿಧಿ ಅಪ್ಪನ ಪಾಲಿನ ಲೋಚೋವನ್ನೂ ಪೊಟ್ಟಣದಿಂದ ತಿಂದು ಮುಗಿಸಿತು. ಆ ದಿನ ಗಡಿಯಾರ ಬಿಚ್ಚಿದ್ದ ಹುಡುಗನ ಜೊತೆ ಅದು ಏನೋ ಮಾತಾಡುತ್ತಿದ್ದದ್ದು ಕಂಡಿತ್ತು. ನಾನು ದುಭಾಷಿ ಕೆಲಸದಲ್ಲಿ ಮುಳುಗಿದ್ದೆ, ಹೆಚ್ಚು ಗಮನಿಸಲಿಲ್ಲ.

ಆಮೇಲೆ ಪ್ರತಿ ಮಂಗಳವಾರ ಶಿಕ್ಷಣ ಕಚೇರಿ. ಭಾವ ತಾವೇ ನಮೂನೆ ತಯಾರಿಸಿದರು, ಮೂರು ಪ್ರತಿ, ಕೊನೆಯಲ್ಲಿ 'ಕಚೇರಿ ಉಪಯೋಗಕ್ಕೆ ಮಾತ್ರ' ಅಂತ ಒಂದು ಚೌಕ ಬೇರೆ. ಗುಮಾಸ್ತರಿಗೆ ಆ ನಮೂನೆ ಎಷ್ಟು ಹಿಡಿಸಿತೆಂದರೆ ಇಟ್ಟುಕೊಳ್ಳಲು ಒಂದು ಪ್ರತಿ ಕೇಳಿದರು. ಸಹಿ ಮಾತ್ರ ಇಲ್ಲ. ಜವಾನ ಇವರಿಗೆಂದೇ ಕಿಟಕಿ ಪಕ್ಕ ಒಂದು ಕುರ್ಚಿ ಹಾಕಿಟ್ಟ. ಆಗಸ್ಟಿನ ಹೊತ್ತಿಗೆ ಆ ಕಚೇರಿಯವರು ತಮ್ಮ ಮೇಲೆ ಬಂದಿದ್ದ ಹಳೇ ಆಡಿಟ್ ಆಕ್ಷೇಪಣೆಗಳನ್ನು ತಂದು ಇವರಿಗೆ ತೋರಿಸತೊಡಗಿದರು. ಭಾವ ಕೂತಲ್ಲೇ ಉತ್ತರ ಬರೆಸಿಕೊಟ್ಟರು, ರಜೆಯಲ್ಲಿ! ಹೋದ ಕೆಲಸವೊಂದು ಬಿಟ್ಟು ಹೋಗದ ಕೆಲಸಗಳೆಲ್ಲ ಆದವು. ನಾನೂ ಬಿಟ್ಟೂಬಿಡದೆ ಹೋದದ್ದಕ್ಕೆ ಗುಮಾಸ್ತರ ಹೆಂಡತಿಯಿಂದ ಒಳ್ಳೆಯ ಛುಂದೋ ಉಪ್ಪಿನಕಾಯಿ ಸಿಕ್ಕಿತು. ಅಕ್ಕನಿಗೆ ಬೇಕಾದ ಕಾಗದ ಸಿಗಲಿಲ್ಲ.

ನವರಾತ್ರಿ ಮುಗಿಯಿತು. ನಮ್ಮ ಕನ್ನಡದವರ ಕೂಟದಲ್ಲಿ ಎಲ್ಲರ ಬಾಯಲ್ಲೂ ಇದೇ. "ಹುಡುಗೀನ ಶಾಲೆ ಬಿಡಿಸಿದಾರಂತೆ?" "ಆಡಿಟ್‌ನವರಿಗೆ ತಲೆ ಕೆಟ್ಟಿದೆಯಂತೆ?" ನಾನು ಭಾವನವರ ಕಥೆಗಳನ್ನು ಕೈ ಬಾಯಿ ತಿರುಗಿಸಿ ಹೇಳಿ ಚೆನ್ನಾಗಿ ನಗಿಸಿದೆ. ಕೋಸಂಬರಿ ಬಡಿಸುತ್ತಿದ್ದ ಅಕ್ಕ ಮಾತ್ರ ನಗಲಿಲ್ಲ. ಮಾರನೇ ದಿನ ಅವಳ ಮನೆಗೆ ಹೋದರೆ ಕಪಾಟಿನಿಂದ ಶಾಲೆಯ ಯೂನಿಫಾರ್ಮ್ ತೆಗೆದು ಇಸ್ತ್ರಿ ಮಾಡುತ್ತಿದ್ದಳು. ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಳು. ನಿಧಿ ಬಾಗಿಲಲ್ಲಿ ನಿಂತು ಇಸ್ತ್ರಿಪೆಟ್ಟಿಗೆಯನ್ನೇ ನೋಡುತ್ತಿತ್ತು. ಮಧ್ಯಾಹ್ನ ಊಟ ಮಾಡಲಿಲ್ಲ, ಸಂಜೆ ವಾಂತಿ ಮಾಡಿಕೊಂಡಿತು. ನಾಲ್ಕು ತಿಂಗಳಿಂದ ಅದು ವಾಂತಿ ಮಾಡಿರಲಿಲ್ಲ.

ದೀಪಾವಳಿಗೆ ಮುಂಚಿನ ಕೊನೆಯ ಮಂಗಳವಾರ ಭಾವ ಮಗಳನ್ನೂ ಕರೆದುಕೊಂಡು ಹೊರಟರು. ಆ ದಿನ ಗುಮಾಸ್ತರು ಕೂರಲು ಹೇಳಲಿಲ್ಲ. "ಒಳಗೆ ನಡೀರಿ, ಮೇಡಂ ಕರೀತಿದಾರೆ" ಅಂದರು. ಒಳಗೆ ಶಿಕ್ಷಣಾಧಿಕಾರಿ ಮೇಡಂ. ಐವತ್ತರ ಆಸುಪಾಸಿನ ಹೆಂಗಸು, ಮುಖದಲ್ಲಿ ಇಡೀ ಜಿಲ್ಲೆಯ ತಲೆನೋವು. ಮೇಜಿನ ಮೇಲೆ ಭಾವನವರ ಅರ್ಜಿಗಳೇ ಒಂದು ಗುಡ್ಡೆ.

"ನಿಮಗೆ ಎಷ್ಟು ಸಲ ಹೇಳಬೇಕು? ಕೊಡೋಕೆ ನನ್ನ ಹತ್ತಿರ ಅನುಮತಿ ಅನ್ನೋದೇ ಇಲ್ಲ" ಅಂದರು ಗುಜರಾತಿಯಲ್ಲಿ. ನಾನು ಅನುವಾದ ಮಾಡಲು ಹೊರಟೆ. ಅವರ ಕಣ್ಣು ನಿಧಿಯ ಮೇಲೆ ಬಿತ್ತು. ದನಿ ಸ್ವಲ್ಪ ಇಳಿಯಿತು.

"ಬೇಟಾ, ಸ್ಕೂಲಿಗೆ ಹೋಗಲ್ವಾ ನೀನು?"

ನಿಧಿ ತಲೆ ಎತ್ತಿತು. ಬಾಯಿ ತೆರೆಯಿತು. "ಹ..." ಅಂತ ನಿಂತಿತು. 'ನಾನು' ಅನ್ನುವುದಕ್ಕೆ ಗುಜರಾತಿಯಲ್ಲಿ 'ಹುಂ' ಅನ್ನುತ್ತಾರೆ. ಆ ಒಂದು ಅಕ್ಷರದ ಮೇಲೆ ಮಗು ನಿಂತುಬಿಟ್ಟಿತು. ಕತ್ತಿನ ನರ ಬಿಗಿಯಿತು, ಕಣ್ಣು ಮುಚ್ಚಿತು. ಹೊರಗೆ ಟೈಪು ಮಾಡುತ್ತಿದ್ದವರು ನಿಲ್ಲಿಸಿದರು. 'ಹೋಗಲ್ಲ ಅಂತಿದಾಳೆ ಮೇಡಂ' ಅಂತ ಹೇಳಿ ಅದನ್ನು ಅಲ್ಲಿಂದ ಬಿಡಿಸಬೇಕು ಅಂತ ಬಾಯಿ ತೆರೆದೆ.

ಮೊಣಕೈ ಹತ್ತಿರ ಯಾರೋ ಗಟ್ಟಿಯಾಗಿ ಹಿಡಿದರು. ಭಾವ.

ನನ್ನ ಕಡೆ ನೋಡಲಿಲ್ಲ. ಮಗಳ ಕಡೆಗೂ ಕಣ್ಣು ನೆಟ್ಟಿರಲಿಲ್ಲ. ತುಟಿ ಬಿಗಿಹಿಡಿದು ನಿಂತಿದ್ದರು. ಮದುವೆ ಮಂತ್ರ ಕಾಯದವರು, ಅಪೆಂಡಿಕ್ಸ್ ಕಾಯದವರು, ಬಸ್ಸು ಬರುವವರೆಗೆ ಕಾಯಲಾರದೆ ಎದುರು ನಡೆದುಹೋಗುವವರು, ರೈಲು ಹೊರಡಲು ಇನ್ನೂ ಒಂದು ಗಂಟೆ ಇದೆ ಅನ್ನುವವರ ಹಾಗೆ ನಿಂತಿದ್ದರು. ಅವರನ್ನು ನೋಡಿ ಮೇಡಂ ಕೂಡ ಪೆನ್ನು ಕೆಳಗಿಟ್ಟು ಕಾದರು. ಆ ಕೋಣೆಯಲ್ಲಿ ಅವಸರ ಇದ್ದದ್ದು ನನಗೊಬ್ಬಳಿಗೇ.

"ಹುಂ ಜಈಶ" ಅಂದಿತು ನಿಧಿ. ಹೋಗ್ತೀನಿ.

ಮತ್ತೆ ಉಸಿರು ತೆಗೆದುಕೊಂಡಿತು. ಮತ್ತೆ ನಿಂತಿತು.

"ಪಣ ಹಮಣಾಂ ನಹೀಂ." ಆದರೆ ಈಗಲ್ಲ.

"ಮತ್ತೆ ಯಾವಾಗ?" ಅಂದರು ಮೇಡಂ, ಮೆಲ್ಲಗೆ.

ಈ ಸಲ ಇನ್ನೂ ಹೊತ್ತಾಯಿತು. ಆದರೆ ಮಗು ಕಣ್ಣು ಮುಚ್ಚಲಿಲ್ಲ. ಮೇಡಮ್ಮನ್ನೇ ನೋಡುತ್ತಾ ಹೇಳಿತು.

"ಹುಂ ಕಹೀಶ." ನಾನೇ ಹೇಳ್ತೀನಿ.

ಮೇಡಂ ಪೆನ್ನು ಮತ್ತೆ ಕೈಗೆ ತೆಗೆದುಕೊಂಡರು. ಆಮೇಲೆ ಗುಡ್ಡೆಯ ಮೇಲಿನ ಅರ್ಜಿ ಎಳೆದುಕೊಂಡು, ಭಾವ ಬರೆದಿಟ್ಟಿದ್ದ 'ಕಚೇರಿ ಉಪಯೋಗಕ್ಕೆ ಮಾತ್ರ' ಚೌಕದಲ್ಲಿ ಗುಜರಾತಿಯಲ್ಲಿ ಒಂದು ಸಾಲು ಬರೆದರು. ಸಹಿ ಮಾಡಿ, ದುಂಡು ಮೊಹರು ಒತ್ತಿದರು. ಭಾವ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ನನಗೆ ಕೊಟ್ಟರು. ಓದಿ ಹೇಳಿದೆ. 'ಮಗುವನ್ನು ಖುದ್ದಾಗಿ ಕೇಳಲಾ‍ಯಿತು. ಫೈಲಿಗೆ ಸೇರಿಸಿ.'

ಅನುಮತಿ ಅನ್ನುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಕಾನೂನಿನ ಕಲಮೂ ಇಲ್ಲ. ಬೇರೆ ದಿನವಾಗಿದ್ದರೆ ಭಾವ ಅದಕ್ಕೆ ಹನ್ನೊಂದು ಆಕ್ಷೇಪಣೆ ಬರೆಯುತ್ತಿದ್ದರು. ಆವತ್ತು ಮಡಿಸದೆ, ಮುದುರದೆ ಫೈಲಿನಲ್ಲಿಟ್ಟು ಎದೆಗೆ ಒತ್ತಿಕೊಂಡು ಮನೆಗೆ ತಂದರು. ಅಕ್ಕ ನನ್ನಿಂದ ಮೂರು ಸಲ ಓದಿಸಿ ಕೇಳಿದಳು. ಆಮೇಲೆ ಇಸ್ತ್ರಿ ಮಾಡಿದ ಯೂನಿಫಾರ್ಮನ್ನು ಕಪಾಟಿನ ಮೇಲಿನ ಖಾನೆಗೆ ಎತ್ತಿಟ್ಟಳು. "ಅವಳು ಹೇಳಿದಾಗ ತೆಗೆದರಾಯ್ತು" ಅಂದಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

ಅವಳು ಕಾಫಿ ಮಾಡಲು ಒಳಗೆ ಹೋದಳು. ಭಾವ ಹಾಜರಿ ಪುಸ್ತಕ ತೆಗೆದು ಷರಾ ಕಾಲಮ್ಮಿನಲ್ಲಿ ಏನೋ ಬರೆದು, ಮುಚ್ಚಲು ಮರೆತು ಕೈ ತೊಳೆಯಲು ಎದ್ದರು. ಗೋಪ್ಯ ಅಂದಿದ್ದರಲ್ಲ, ನೋಡದೆ ಬಿಡುತ್ತೇನೆಯೇ?

'ನಿಧಿ ಮೂರು ವಾಕ್ಯ, ಪೂರ್ತಿ, ಅಪರಿಚಿತರ ಎದುರು. ಚಿಕ್ಕಮ್ಮ ಬಾಯಿ ತೆರೆದಿದ್ದರು, ಸಕಾಲದಲ್ಲಿ ತಡೆಯಲಾಯಿತು.'

ನಕ್ಕೆ. ಪುಟ ಹಿಂದೆ ತಿರುಗಿಸಿದೆ. 'ಸೂರತ್. ಹುಡುಗನ ಜೊತೆ ಗಡಿಯಾರದ ಬಗ್ಗೆ ಮಾತು. ಅವನು ಮುಳ್ಳು ಜೋಡಿಸುತ್ತಾ ಕಾದ.' ಇನ್ನೂ ಹಿಂದೆ. 'ಹಾಲಿನವನಿಗೆ ನಾಳೆ ಒಂದು ಲೀಟರ್ ಅಂತ ತಾನೇ ಹೇಳಿತು.' ಜೂನ್ ತಿಂಗಳಿನ ಪುಟಗಳಲ್ಲಿ ಮಗಳ ಹೆಸರೇ ಇರಲಿಲ್ಲ. ಸಾಲುಸಾಲಾಗಿ ಕೆಂಪು ಶಾಯಿಯಲ್ಲಿ ಒಂದೇ ಆಕ್ಷೇಪಣೆ, ತಮ್ಮ ಮೇಲೆ ತಾವೇ ಬರೆದುಕೊಂಡದ್ದು. 'ಇಂದು ನಾನು ನಡುವೆ ಬಾಯಿ ಹಾಕಿದೆ, ನಾಲ್ಕು ಸಲ. ಕ್ಷಮೆ ಕೇಳಿದೆ.' 'ಇಂದು ಮೂರು ಸಲ. ಕ್ಷಮೆ ಕೇಳಿದೆ.' 'ಇಂದು ಎರಡು ಸಲ.' 'ಇಂದು ಒಂದು.' ಆಮೇಲೆ ಒಂದು ದಿನ, ಕೆಂಪಲ್ಲ, ನೀಲಿ ಶಾಯಿ. 'ಇಂದು ಕಾದೆ. ಮಗು ಕೇಳಿದ್ದು ನೀರಲ್ಲ, ನೀಲಕಂಠ ಪಕ್ಷಿ ಎಲ್ಲಿರುತ್ತದೆ ಅಂತ. ಒಂಬತ್ತು ವರ್ಷ ನೀರು ಕುಡಿಸಿದ್ದೇವೆ.'

ಹಿಂದೆ ತಿರುಗಿದರೆ ಭಾವ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ನನ್ನ ಕೈಯಲ್ಲಿ ಪುಸ್ತಕ ತೆರೆದೇ ಇತ್ತು. ಕೂಟದಲ್ಲಿ ಇವರ ಕಥೆ ಹೇಳಿ ನಗಿಸಿದ್ದೆಲ್ಲ ನೆನಪಾಯಿತು.

"ಭಾವ, ನಾನು ನಿಮ್ಮನ್ನ..." ಅಂದೆ.

ಭಾವ ನನ್ನ ಮಾತು ಮುಗಿಸಲಿಲ್ಲ. ಪ್ರಮೋಷನ್ನಾ ಅನ್ನಲಿಲ್ಲ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು, ಆ ಕಚೇರಿಯಲ್ಲಿ ನಿಂತಿದ್ದ ಹಾಗೇ ನಿಂತರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನಮ್ಮ ಭಾವ ನನ್ನ ವಾಕ್ಯ ಮುಗಿಯಲಿ ಅಂತ ಕಾದರು. ನನಗೇ ಮುಗಿಸಲಾಗಲಿಲ್ಲ.